ತೂಕ ಇಳಿದಾಗ ಶುಗರ್ ಇಳಿಯಿತು, ಮತ್ತೆ ಯಾಕೆ ಏರಿತು?

ಓದುಗರ ಪತ್ರ: "ನನಗೆ 44 ವರ್ಷ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೋದ ವರ್ಷ ಫಾಸ್ಟಿಂಗ್ ಶುಗರ್ 118 ಬಂತು. ಹೆದರಿ ಅನ್ನ ಬಿಟ್ಟೆ, ರಾತ್ರಿ ಊಟವನ್ನೇ ಬಿಟ್ಟೆ. ಮೂರು ತಿಂಗಳಲ್ಲಿ 72 ಕಿಲೋದಿಂದ 64ಕ್ಕೆ ಬಂದೆ, ಶುಗರ್ 96 ಆಯ್ತು. ಆಮೇಲೆ ಮೊದಲಿನ ಹಾಗೇ ತಿನ್ನತೊಡಗಿದೆ. ಈಗ 70 ಕಿಲೋ, ಶುಗರ್ 115. ಡಾಕ್ಟರು ಇನ್ಸುಲಿನ್ ರೆಸಿಸ್ಟೆನ್ಸ್ ಅಂದರು. ಮುಂದಿನ ತಿಂಗಳು ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರಂತೆ. ನಾನೇನು ಡುಮ್ಮ ಅಲ್ಲ. ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮವಾಯಿತೇ? ಮನೆಯವರು 'ಮುದ್ದೆ ಉಣ್ಣಿ, ಏನೂ ಆಗಲ್ಲ' ಅಂತಾರೆ. ನಿಜವೇ?" – ಓದುಗರೊಬ್ಬರು, ದಾವಣಗೆರೆ

ಪ್ರಿಯ ಓದುಗರೇ,

ನೀರಲ್ಲಿ ಹೋಮ ಅಲ್ಲ. ನಿಮ್ಮ ಅಂಕಿಗಳೇ ಅದನ್ನು ಹೇಳುತ್ತವೆ: 118, 96, 115. ತೂಕದ ಜೊತೆಗೇ ಶುಗರ್ ಇಳಿದಿದೆ, ಜೊತೆಗೇ ಏರಿದೆ. ಅಂದರೆ ನಿಮ್ಮ ಮೈ ಇನ್ನೂ ಮಾತು ಕೇಳುತ್ತಿದೆ.

ಊಟ ಆದಮೇಲೆ ರಕ್ತಕ್ಕೆ ಸಕ್ಕರೆ ಬರುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಆಗ ಮಾಂಸಖಂಡ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಬೇಕು, ಲಿವರ್ ತಾನು ಸಕ್ಕರೆ ಮಾಡುವುದನ್ನು ನಿಲ್ಲಿಸಬೇಕು. ಇವೆರಡೂ ಇನ್ಸುಲಿನ್ ಮಾತಿಗೆ ಕಿವಿಗೊಡದೇ ಇರುವುದೇ ರೆಸಿಸ್ಟೆನ್ಸ್. ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರಿದು ಹೇಗೋ ಸಂಭಾಳಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆಯಬಹುದು, ಅಷ್ಟೂ ದಿನ ರಿಪೋರ್ಟು ಚೆನ್ನಾಗೇ ಇರುತ್ತದೆ. ಗ್ರಂಥಿಗೆ ಕೈಲಾಗದೇ ಹೋದಾಗ ಅಂಕಿ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಪ್ರಿ-ಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅನ್ನುತ್ತಾರೆ. ನೀವಿರುವುದು ಅಲ್ಲಿ.

"ನಾನು ಡುಮ್ಮ ಅಲ್ಲ" ಅಂದಿರಿ. ನಮ್ಮ ದೇಶದಲ್ಲಿ ಆ ಮಾತನ್ನು ನಂಬಿ ಕೂರುವ ಹಾಗಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಪಕ್ಕದಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2! ನೋಡಲು ಸಣ್ಣ, ಒಳಗೆ ಕೊಬ್ಬು. ಅದರಲ್ಲೂ ಹೊಟ್ಟೆಯೊಳಗೆ, ಲಿವರಿನಲ್ಲಿ ಸೇರಿಕೊಂಡ ಕೊಬ್ಬೇ ತರಲೆ. ನೀವು ಬಟ್ಟೆ ಅಂಗಡಿಯಲ್ಲೇ ಇದ್ದೀರಿ, ಟೇಪು ಕೈಗೇ ಸಿಗುತ್ತದೆ ಅಲ್ವಾ? ಸೊಂಟ ಅಳೆದು ನೋಡಿ. ಪ್ಯಾಂಟು ಕಟ್ಟುವ ಜಾಗದಲ್ಲಲ್ಲ, ಹೊಕ್ಕುಳ ಹತ್ತಿರ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ.

ಇನ್ನು ನಿಮ್ಮ 96ರ ವಿಷಯ. ಕಡಿಮೆ ತಿಂದಾಗ ಮೊದಲು ಕರಗುವುದು ಲಿವರಿನ ಕೊಬ್ಬು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ ಸಕ್ಕರೆ ಕಾಯಿಲೆ ಇದ್ದ 11 ಮಂದಿಗೆ ದಿನಕ್ಕೆ ಸುಮಾರು 600 ಕ್ಯಾಲರಿಯಷ್ಟೇ ಕೊಟ್ಟು ನೋಡಿತು. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ ಮಾಮೂಲಿ ಮಟ್ಟಕ್ಕೆ ಬಂತು. ಇದು 2011ರ ಮಾತು. (ಡಾಕ್ಟರ ಕಣ್ಗಾವಲಲ್ಲಿ ಮಾಡಿದ್ದು, ಮನೆಯಲ್ಲಿ ಸುಮ್ನೆ ಪ್ರಯೋಗ ಬೇಡ.) ಆದರೆ ಹಾಗೆ ಬೇಗ ಕರಗಿದ ಕೊಬ್ಬು, ತೂಕ ವಾಪಸ್ ಬಂದರೆ ತಾನೂ ವಾಪಸ್ ಬರುತ್ತದೆ.

ನನಗೆ ಇನ್ನೊಂದು ಅನುಮಾನ ಇದೆ. ಹಸಿದುಕೊಂಡು ಗಡಿಬಿಡಿಯಲ್ಲಿ ಇಳಿಸಿದ 8 ಕಿಲೋದಲ್ಲಿ ಬರೀ ಕೊಬ್ಬಲ್ಲ, ಮಾಂಸಖಂಡವೂ ಹೋಗಿರುತ್ತದೆ. ಊಟದ ಸಕ್ಕರೆಯ ದೊಡ್ಡ ಪಾಲು ಸೇರಬೇಕಾದ್ದು ಆ ಮಾಂಸಖಂಡಕ್ಕೇ. ವಾಪಸ್ ಬಂದ 6 ಕಿಲೋ, ಕೂತು ಕೆಲಸ ಮಾಡುವವರಿಗೆ, ಹೆಚ್ಚಾಗಿ ಕೊಬ್ಬಾಗೇ ಬರುತ್ತದೆ. ಹಾಗಾಗಿ ಈಗಿನ 70 ಕಿಲೋ, ನೀವು ಇಳಿಯುವಾಗ ದಾಟಿದ 70 ಕಿಲೋ ಅಲ್ಲದೇ ಇರಬಹುದು.

ಅದಕ್ಕೇ ನನ್ನ ಸಲಹೆ: ಈ ಸಲ 8 ಕಿಲೋ ಬೇಡ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ತೂಕದ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವುದು ಗುರಿಯಾಗಿತ್ತು. ಡಯಾಬಿಟಿಸ್‌ಗೆ ತಿರುಗುವುದು ಶೇ. 58 ಕಡಿಮೆಯಾಯಿತು. ಫಲಿತಾಂಶ ಬಂದದ್ದು 2002ರಲ್ಲಿ. ನಿಮ್ಮ ಲೆಕ್ಕಕ್ಕೆ ಅದು ಸುಮಾರು 5 ಕಿಲೋ. ನಿಧಾನವಾಗಿ ಇಳಿಸಿ, ಅಲ್ಲೇ ನಿಲ್ಲಿಸಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ 2006ರ ಅಧ್ಯಯನ ನನಗೆ ಇನ್ನೂ ಇಷ್ಟ. ಊಟ, ನಡಿಗೆ ತಿದ್ದಿಕೊಂಡವರಿಗೆ ತೂಕ ಇಳಿಯದಿದ್ದರೂ ಡಯಾಬಿಟಿಸ್ ಬರುವ ಅಪಾಯ ಶೇ. 28.5 ತಗ್ಗಿತ್ತು. ತೂಕದ ಮುಳ್ಳು ಅಲ್ಲಾಡಲಿಲ್ಲ ಅಂತ ನಡಿಗೆ ಬಿಡಬೇಡಿ.

ಮುದ್ದೆಯ ವಿಷಯದಲ್ಲಿ ನಿಮ್ಮ ಮನೆಯವರ ಮಾತು ಅರ್ಧ ನಿಜ. ರಾಗಿಯಲ್ಲಿ ನಾರು ಇದೆ, ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ, ಪಿಷ್ಟ ಪಿಷ್ಟವೇ. ಮುದ್ದೆ ಸಣ್ಣದಿರಲಿ, ಸೊಪ್ಪು ಕಾಳು ಜಾಸ್ತಿ ಇರಲಿ. ಪಲ್ಯ, ಕೋಸಂಬರಿ ಮೊದಲು ತಿಂದು ಮುದ್ದೆ, ಅನ್ನ ಕೊನೆಗೆ ಉಂಡರೆ ಶುಗರ್ ಅಷ್ಟು ಎತ್ತರಕ್ಕೆ ಹಾರುವುದಿಲ್ಲ. ಹೊಸದುರ್ಗದ ಕಡೆಯ ಸಾಮೆ ಸಿಕ್ಕರೆ ಪಾಲಿಶ್ ಜಾಸ್ತಿ ಮಾಡದ್ದನ್ನು ತನ್ನಿ. ಇನ್ನು ಮಂಡಕ್ಕಿ! ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅಂದರೆ ನಮ್ಮ ಆಫೀಸಿಗೆ ಕಲ್ಲು ಬೀಳುತ್ತದೆ. ಆದರೆ ಹಗುರ ಅಂತ ಮೋಸ ಹೋಗಬೇಡಿ, ಅದು ಬೇಗ ಸಕ್ಕರೆಯಾಗುವ ಅಕ್ಕಿ. ಬೆಣ್ಣೆ ದೋಸೆಯ ಹಿಟ್ಟಿಗೂ ಅಕ್ಕಿಯ ಜೊತೆ ಮಂಡಕ್ಕಿ ಸೇರುತ್ತದೆ. ದಿನಾ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅನ್ನುವುದು ವಾರಕ್ಕೊಮ್ಮೆಗೆ ಇಳಿಯಲಿ.

ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯಿರಿ. ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್ ಹೇಳದಿದ್ದರೂ ಸಕ್ಕರೆ ಎಳೆದುಕೊಳ್ಳುತ್ತದೆ. ಜೊತೆಗೆ ಬಸ್ಕಿ ಹೊಡೆಯಿರಿ. ಗರಡಿ ಮನೆಗಳ ಊರಿನವರಿಗೆ ಇದನ್ನು ಕಲಿಸಬೇಕೇ?

ಶುಗರ್ ಮಾತ್ರೆ ಶುರುವಾಗಿದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಕೆಲವು ಮಾತ್ರೆಗಳ ಮೇಲೆ ಉಪವಾಸ ಮಾಡಿದರೆ ಶುಗರ್ ಕುಸಿಯುತ್ತದೆ. ಗ್ಲೂಕೋಸ್ ಪರೀಕ್ಷೆಗೆ ಮೊದಲು ಮೂರು ದಿನ ಅನ್ನ, ಮುದ್ದೆ ಎಂದಿನಂತೆ ಉಣ್ಣಿ. ಪರೀಕ್ಷೆ ಹತ್ತಿರ ಬಂತೆಂದು ಅನ್ನ ಬಿಟ್ಟು ಹೋದರೆ, ಕೊಬ್ಬು ಉರಿಸುವುದಕ್ಕೆ ಒಗ್ಗಿದ ಮೈ ಆ ಗ್ಲೂಕೋಸನ್ನು ಸರಿಯಾಗಿ ತಗೊಳ್ಳುವುದಿಲ್ಲ, ಇರುವುದಕ್ಕಿಂತ ಜಾಸ್ತಿ ಅಂಕಿ ಬರುತ್ತದೆ.

– ಸಂಪಾದಕ