ಹಳೆ ಬಾನೆಟ್ ಲಾರಿಯ ಇಂಜಿನ್ ಜಾಗವನ್ನು ಪ್ರದರ್ಶನಕ್ಕೆ ಮೊದಲು ಹಾಳಾಗದಂತೆ ಶುಚಿ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹಳೆ ಟಾಟಾ 1210 ಬಾನೆಟ್ ಲಾರಿ, ಇಂಜಿನ್ ಮೇಲೆ ವರ್ಷಗಟ್ಟಲೆ ಎಣ್ಣೆ, ಧೂಳು ಸೇರಿ ಗಟ್ಟಿಯಾದ ಜಿಡ್ಡು, ತಿಂಗಳೊಪ್ಪತ್ತಿನಲ್ಲಿ ವಾಹನ ಪ್ರದರ್ಶನ. ವಾಟರ್ ಸರ್ವಿಸ್‌ಗೆ ಒಯ್ದು ಗನ್ ಹೊಡೆಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಸಬೇಡಿ. ಗನ್ನಿನ ನೀರು ಜಿಡ್ಡನ್ನು ಕರಗಿಸುವುದಿಲ್ಲ, ತಳ್ಳುತ್ತದೆ. ತಳ್ಳಿಸಿಕೊಂಡ ಮಣ್ಣು ಹೋಗಿ ಕೂರುವುದು ಆಲ್ಟರ್ನೇಟರ್, ಸ್ಟಾರ್ಟರ್, ವೈರಿಂಗ್ ಜಾಯಿಂಟ್, ಆಯಿಲ್ ಸೀಲುಗಳ ಒಳಗೆ. ಈ ಕೆಲಸದ ಮುಕ್ಕಾಲು ಪಾಲು ನೀರು ಮುಟ್ಟುವ ಮೊದಲೇ ಮುಗಿಯಬೇಕು. ನೀರು ಬರುವುದು ಕೊನೆಗೆ, ಅದೂ ಸ್ವಲ್ಪವೇ.

ಪ್ರದರ್ಶನದ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಕನಿಷ್ಠ ಹತ್ತು ದಿನ ಮೊದಲು ಶುರು ಮಾಡಿ. ತೊಳೆದ ಮೇಲೆ ಲಾರಿಯನ್ನು ಓಡಿಸಿ ನೋಡಬೇಕು, ಆಗ ಹೊರಬೀಳುವ ಸೋರಿಕೆ ಸರಿಪಡಿಸಲು ಸಮಯ ಬೇಕು.

ಬಾನೆಟ್ ಎತ್ತಿದ ಕೂಡಲೇ ಬ್ರಷ್ ಹಿಡಿಯಬೇಡಿ. ಮೊದಲು ಎರಡೂ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಫೋಟೋ ತೆಗೆಯಿರಿ. ಪೈಪುಗಳು, ವೈರುಗಳು, ಕ್ಲಾಂಪುಗಳು ಯಾವ ದಾರಿಯಲ್ಲಿ ಹೋಗಿವೆ ಎಂಬುದು ಆಮೇಲೆ ಬೇಕಾಗುತ್ತದೆ. ಇನ್ನೂ ಮುಖ್ಯವಾದದ್ದು, ಜಿಡ್ಡಿನ ಗುರುತು ಓದುವುದು. ಒಣ ಧೂಳಿನ ನಡುವೆ ಒದ್ದೆಯಾಗಿ ಕಪ್ಪಗೆ ಹೊಳೆಯುವ ಜಾಗ ಇದ್ದರೆ ಅಲ್ಲಿಂದ ಮೇಲಕ್ಕೆ ಕಣ್ಣು ಹಾಯಿಸಿ, ಸೋರುವ ಮೂಲ ಅಲ್ಲೆಲ್ಲೋ ಇರುತ್ತದೆ. ಟ್ಯಾಪೆಟ್ ಕವರಿನ (ಇಂಜಿನ್ ತಲೆಯ ಮೇಲಿನ ಮುಚ್ಚಳದ) ಪ್ಯಾಕಿಂಗ್, ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಓವರ್‌ಫ್ಲೋ ಪೈಪು, ಡೀಸೆಲ್ ಫಿಲ್ಟರಿಗೆ ಪೈಪು ಜೋಡಿಸುವ ಟೊಳ್ಳಾದ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಇವು ಸಾಮಾನ್ಯವಾಗಿ ಸೋರುವ ಜಾಗಗಳು. ತೊಳೆದುಬಿಟ್ಟರೆ ಈ ಗುರುತು ಅಳಿಸಿಹೋಗುತ್ತದೆ. ಸೋರಿಕೆ ನಿಲ್ಲಿಸದೆ ಎಷ್ಟು ಉಜ್ಜಿದರೂ ಪ್ರದರ್ಶನದ ಮೈದಾನ ತಲುಪುವಷ್ಟರಲ್ಲಿ ಅದೇ ಕಲೆ ಮತ್ತೆ ಮೂಡುತ್ತದೆ. ಬೋಲ್ಟು ಬಿಗಿ ಮಾಡುವುದು, ವಾಷರ್ ಬದಲಿಸುವುದು ಇದ್ದರೆ ಸುತ್ತಲಿನ ಜಾಗವನ್ನಷ್ಟೇ ಒರೆಸಿ ಮೊದಲೇ ಮಾಡಿಕೊಳ್ಳಿ. ಟ್ಯಾಪೆಟ್ ಕವರಿನ ಬೋಲ್ಟುಗಳನ್ನು ಮಾತ್ರ ಜೋರಾಗಿ ತಿರುಗಿಸಬೇಡಿ. ಕವರಿನ ಅಂಚು ಬಾಗಿ ಇನ್ನಷ್ಟು ಸೋರುತ್ತದೆ; ಗಟ್ಟಿಯಾದ ಪ್ಯಾಕಿಂಗನ್ನು ಬದಲಿಸುವುದೇ ಸರಿ.

ಸಾಮಾನು ಹೆಚ್ಚು ಬೇಕಿಲ್ಲ. ನೀರಿನಲ್ಲಿ ಬೆರೆಯುವ ಡಿಗ್ರೀಸರ್ (ಜಿಡ್ಡು ಕರಗಿಸುವ ದ್ರಾವಣ) 2 ಲೀಟರ್, ಗಿಡಕ್ಕೆ ಔಷಧಿ ಹೊಡೆಯುವಂಥ 5 ಲೀಟರಿನ ಕೈಪಂಪು, ಒಂದು ಮತ್ತು ಎರಡು ಇಂಚಿನ ಪೇಂಟ್ ಬ್ರಷ್, ನಾಲ್ಕಾರು ಹಳೆ ಟೂತ್‌ಬ್ರಷ್, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಬಿದಿರಿನ ಸೀಳು, ಎರಡು ಕಿಲೋ ಬನಿಯನ್ ವೇಸ್ಟ್, ದಪ್ಪ ಪ್ಲಾಸ್ಟಿಕ್ ಚೀಲಗಳು, ಕಟ್ಟಲು ಹಳೆ ಸೈಕಲ್ ಟ್ಯೂಬಿನ ಪಟ್ಟಿಗಳು. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸು. ಡಿಗ್ರೀಸರ್ ಕೊಳ್ಳುವಾಗ ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಸುರಕ್ಷಿತ ಎಂದಿದೆಯೇ ನೋಡಿ. ಕಾಸ್ಟಿಕ್ ಸೋಡಾ ಬೆರೆತ ಅಗ್ಗದ ದ್ರಾವಣ ಎರಕದ ಕಬ್ಬಿಣಕ್ಕೆ ಅಷ್ಟಾಗಿ ಏನೂ ಮಾಡದಿದ್ದರೂ ಡೀಸೆಲ್ ಪಂಪಿನ ಮೈ, ಆಲ್ಟರ್ನೇಟರಿನ ಕವಚದಂಥ ಅಲ್ಯೂಮಿನಿಯಂ ಭಾಗಗಳನ್ನು ತಿಂದು ಕಪ್ಪಾಗಿಸುತ್ತದೆ. ಆ ಕಪ್ಪು ಸುಲಭಕ್ಕೆ ಹೋಗುವುದಿಲ್ಲ.

ಡೀಸೆಲ್ ಅಥವಾ ಸೀಮೆಎಣ್ಣೆಯನ್ನು ಏರ್ ಗನ್ನಿನಲ್ಲಿ ಇಂಜಿನ್ ಮೇಲೆ ಹೊಡೆಯುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಬಹಳ ಇದೆ. ಇದಕ್ಕೆ ನನ್ನ ಕಟ್ಟುನಿಟ್ಟಾದ ವಿರೋಧವಿದೆ. ನಮ್ಮ ದೇಶದ ಮಾನಕದ ಪ್ರಕಾರ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್, ಎಂದರೆ ಕಿಡಿ ತಗುಲಿದರೆ ಆವಿ ಹೊತ್ತಿಕೊಳ್ಳುವ ಉಷ್ಣತೆ, ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಬೇಸಿಗೆಯ ಮಧ್ಯಾಹ್ನದ ಶಾಖವೇ ಅದನ್ನು ಮುಟ್ಟುತ್ತದೆ. ಗಾಳಿಯಲ್ಲಿ ಮಂಜಿನಂತೆ ಹರಡಿದ ಡೀಸೆಲ್‌ಗೆ ಬ್ಯಾಟರಿ ವೈರಿನ ಒಂದು ಕಿಡಿ ಸಾಕು. ಬೆಂಕಿ ಹತ್ತದಿದ್ದರೂ ರೇಡಿಯೇಟರ್ ಹೋಸು, ಬೆಲ್ಟು, ಇಂಜಿನ್ ಮೌಂಟಿಂಗಿನ ರಬ್ಬರು ಎಣ್ಣೆ ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ಗಟ್ಟಿ ಜಿಡ್ಡಿಗೆ ಡೀಸೆಲ್ ಬೇಕೇ ಬೇಕೆನಿಸಿದರೆ ಬಟ್ಟೆಗೆ ಹಚ್ಚಿಕೊಂಡು, ಇಂಜಿನ್ ಪೂರ್ತಿ ತಣ್ಣಗಿರುವಾಗ, ಕಬ್ಬಿಣದ ಭಾಗಕ್ಕೆ ಮಾತ್ರ ಉಜ್ಜಿ. ಪೆಟ್ರೋಲ್ ಅಂತೂ ಹತ್ತಿರವೇ ತರಬೇಡಿ.

ಈಗ ಕೆಲಸ. ಸಮತಟ್ಟು ನೆಲದಲ್ಲಿ, ನೆರಳಲ್ಲಿ, ಬೆಳಗಿನ ಹೊತ್ತು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡ ಕೊಡಿ. ಬಾನೆಟ್‌ಗೆ ಅದರ ಕಡ್ಡಿಯ ಜೊತೆ ಒಂದು ಹಗ್ಗವನ್ನೂ ಕಟ್ಟಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ವಾಪಸು ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಕೆಳಗೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಮರದ ಹೊಟ್ಟು ಅಥವಾ ಗೋಣಿಚೀಲ ಹಾಸಿ. ಬೀಳುವ ಜಿಡ್ಡು ಚರಂಡಿಗೆ, ಬಾವಿಯ ಕಡೆಗೆ ಹರಿಯಬಾರದು.

ಒಣ ಕೆಲಸಕ್ಕೆ ಅರ್ಧ ದಿನ ಕೊಡಿ. ಬಿದಿರಿನ ಸೀಳು, ಪ್ಲಾಸ್ಟಿಕ್ ಪಟ್ಟಿಯಿಂದ ಗಟ್ಟಿ ಜಿಡ್ಡನ್ನು ಎಬ್ಬಿಸಿ, ಬೀಳುವುದನ್ನು ಬಟ್ಟೆಯಲ್ಲಿ ಹಿಡಿಯಿರಿ. ಕ್ರಾಸ್ ಮೆಂಬರ್ (ಚಾಸಿಸ್ಸಿನ ಅಡ್ಡಪಟ್ಟಿ), ಇಂಜಿನ್ ಮೌಂಟಿಂಗ್, ಸ್ಟೀರಿಂಗ್ ಬಾಕ್ಸಿನ ಸುತ್ತ ಅರ್ಧ ಇಂಚು ದಪ್ಪ ಇರುವುದು ಮಾಮೂಲಿ. ಸ್ಕ್ರೂಡ್ರೈವರಿನ ಮೊನೆ ಬಳಸಬೇಡಿ, ಪೇಂಟು ಮತ್ತು ವೈರಿನ ಮೇಲ್ಪದರ ಎರಡೂ ಸೀಳುತ್ತವೆ. ಕ್ಲಚ್ ಹೌಸಿಂಗ್ ಹತ್ತಿರದ ಕಂದು ಧೂಳನ್ನು ಗಾಳಿಯಿಂದ ಊದಬೇಡಿ. ಆ ಕಾಲದ ಕ್ಲಚ್ ಪ್ಲೇಟು, ಬ್ರೇಕ್ ಲೈನರುಗಳಲ್ಲಿ ಕಲ್ನಾರು (ಉಸಿರಿನಲ್ಲಿ ಹೋದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್) ಇರುತ್ತಿತ್ತು. ಅದನ್ನು ಒದ್ದೆ ಬಟ್ಟೆಯಿಂದಷ್ಟೇ ಒರೆಸಿ, ಆ ಬಟ್ಟೆಯನ್ನು ಒದ್ದೆ ಇರುವಾಗಲೇ ಚೀಲದಲ್ಲಿ ಕಟ್ಟಿಡಿ.

ನೀರು ಮುಟ್ಟುವ ಮೊದಲು ಮುಚ್ಚಬೇಕಾದದ್ದು: ಆಲ್ಟರ್ನೇಟರ್, ಸ್ಟಾರ್ಟರ್, ಹಾರ್ನ್ ರಿಲೇ, ಫ್ಯೂಸ್ ಬಾಕ್ಸು, ಆಯಿಲ್ ಹಾಕುವ ಮುಚ್ಚಳ, ಇಂಜಿನ್ನಿನ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಕೊಳವೆ), ಏರ್ ಕಂಪ್ರೆಸರಿನ ಗಾಳಿ ಬಾಯಿ, ಏರ್ ಕ್ಲೀನರ್. ಚೀಲ ಹಾಕಿ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಡಿಪ್ ಸ್ಟಿಕ್ ಪೂರ್ತಿ ಕೂತಿದೆಯೇ ನೋಡಿ. ಎಷ್ಟು ಚೀಲ ಕಟ್ಟಿದಿರಿ ಎಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ. ಮರೆತ ಒಂದು ಚೀಲ ಫ್ಯಾನಿಗೆ ಸಿಕ್ಕರೆ ರೇಡಿಯೇಟರಿಗೆ ಅಪಾಯ.

ಏರ್ ಕ್ಲೀನರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಹಳೆ ಲಾರಿಗಳಲ್ಲಿ ಕೆಳಗಿನ ಬಟ್ಟಲಿನಲ್ಲಿ ಎಣ್ಣೆ ತುಂಬಿದ ಬಗೆ ಇರುತ್ತದೆ. ಅದರೊಳಗೆ ನೀರು ಇಳಿದರೆ ಮಟ್ಟ ಮೇಲೇರಿ ಎಣ್ಣೆ, ನೀರು ಎರಡೂ ಇಂಜಿನ್ನಿಗೆ ಎಳೆದುಕೊಳ್ಳುತ್ತವೆ. ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಣ್ಣೆ ಹೋದರೆ ಇಂಜಿನ್ ಅದನ್ನೇ ಉರಿಸಿಕೊಂಡು ನಿಲ್ಲಿಸಲಾಗದಂತೆ ಏರಬಹುದು. ಬಟ್ಟಲನ್ನು ಬಿಚ್ಚಿ ಹೊರಗೇ ತೊಳೆದು, ಒಣಗಿಸಿ, ಗುರುತಿನವರೆಗೆ ಹೊಸ ಎಣ್ಣೆ ಹಾಕುವುದು ಉತ್ತಮ. ಬಿಚ್ಚಿದ ಹೊತ್ತಿನಲ್ಲಿ ಇಂಟೇಕಿನ (ಇಂಜಿನ್ನಿಗೆ ಗಾಳಿ ಹೋಗುವ ದಾರಿಯ) ಬಾಯಿಗೆ ಬಟ್ಟೆ ತುರುಕಬೇಡಿ, ಹೊರಗಿನಿಂದ ಚೀಲ ಕಟ್ಟಿ.

ಡೀಸೆಲ್ ಪಂಪು ಇಡೀ ಇಂಜಿನ್ನಿನಲ್ಲಿ ಅತ್ಯಂತ ನಾಜೂಕಾದ ಭಾಗ. ಆರು ಸಿಲಿಂಡರಿಗೆ ಆರು ಎಲಿಮೆಂಟು (ಡೀಸೆಲ್ ತಳ್ಳುವ ಜೋಡಿ) ಸಾಲಾಗಿ ಕೂತ ಪಂಪು ಇದು, ಬಹುಪಾಲು ಲಾರಿಗಳಲ್ಲಿ ಮೈಕೋ ಹೆಸರಿನದು. ಬೆಂಗಳೂರಿನ ಆಡುಗೋಡಿಯ ಮೈಕೋ ಶುರುವಾದದ್ದು 1951ರಲ್ಲಿ, 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಪಂಪಿನೊಳಗೆ ಡೀಸೆಲ್ ತಳ್ಳುವ ಪ್ಲಂಜರ್ ಮತ್ತು ಅದು ಕೂರುವ ಕೊಳವೆಯಾದ ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ಹಾಕಿ. ಬಿಸಿ ಪಂಪಿನ ಮೇಲೆ ತಣ್ಣೀರು ಬಿದ್ದರೆ ಹೊರಗಿನ ಭಾಗ ಮೊದಲು ಕುಗ್ಗಿ ಪ್ಲಂಜರನ್ನು ಹಿಡಿದುಬಿಡಬಹುದು. ಇಂಜಿನ್ ಓಡುತ್ತಿರುವಾಗ ಹೀಗಾಗಿ, ಡೀಸೆಲ್ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಕಡ್ಡಿಯಾದ ರ‍್ಯಾಕ್ ಅಂಟಿಕೊಂಡರೆ ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯುವುದಿಲ್ಲ. ಆದ್ದರಿಂದ ಪಂಪಿಗೆ ನೀರಿನ ಧಾರೆ ಬೇಡವೇ ಬೇಡ. ತಣ್ಣಗಿರುವಾಗ ಡಿಗ್ರೀಸರ್ ಹಚ್ಚಿದ ಟೂತ್‌ಬ್ರಷ್‌ನಿಂದ ಉಜ್ಜಿ, ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಗವರ್ನರ್ (ಇಂಜಿನ್ ವೇಗ ಹತೋಟಿಯಲ್ಲಿಡುವ ಭಾಗ) ಕಡೆ ಸೀಸದ ಸೀಲ್ ಹಾಕಿದ ತಂತಿ ಕಂಡರೆ ಅದನ್ನು ಎಳೆಯಬೇಡಿ. ಪಂಪಿನ ಮೇಲಿನ ತಗಡಿನ ಫಲಕದ ಅಕ್ಷರ, ನಂಬರು ಉಳಿಯಬೇಕು; ಅಲ್ಲಿ ಗಟ್ಟಿ ಬ್ರಷ್ ಹಾಕದೆ ಬಟ್ಟೆಯಿಂದ ಮಾತ್ರ ಒರೆಸಿ. ಹಳೆ ವಾಹನ ಬಲ್ಲವರು ಬಗ್ಗಿ ನೋಡುವುದು ಆ ಫಲಕವನ್ನೇ.

ಉಳಿದ ಇಂಜಿನ್ನಿಗೆ ಡಿಗ್ರೀಸರ್ ಹೊಡೆಯಲು ಇಂಜಿನ್ ಬರಿಗೈ ಇಟ್ಟು ಹಿಡಿದುಕೊಳ್ಳುವಷ್ಟು ಉಗುರುಬೆಚ್ಚಗಿದ್ದರೆ ಸಾಕು. ಬಿಸಿ ಮ್ಯಾನಿಫೋಲ್ಡಿನ ಮೇಲೆ ತಣ್ಣೀರು ಬಿದ್ದರೆ ಎರಕ ಬಿರುಕು ಬಿಡುತ್ತದೆ. ದ್ರಾವಣವೂ ಕೆಲಸ ಮಾಡುವ ಮೊದಲೇ ಆವಿಯಾಗುತ್ತದೆ. ಬೆರೆಸುವ ಅಳತೆ ಡಬ್ಬಿಯಲ್ಲಿ ಬರೆದಂತೆ. ಸಾಮಾನ್ಯವಾಗಿ ಗಟ್ಟಿ ಜಿಡ್ಡಿಗೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ತೆಳು ಜಿಡ್ಡಿಗೆ ಹತ್ತು ಪಾಲು. ಕೆಳಗಿನಿಂದ ಮೇಲಕ್ಕೆ ಹೊಡೆಯಿರಿ, ಮೇಲಿನಿಂದ ಹೊಡೆದರೆ ಇಳಿದ ದಾರಿಗಳು ಪಟ್ಟೆಯಾಗಿ ಉಳಿಯುತ್ತವೆ. ಐದರಿಂದ ಹತ್ತು ನಿಮಿಷ ಬಿಟ್ಟು ಬ್ರಷ್‌ನಿಂದ ತಿಕ್ಕಿ. ಒಣಗಲು ಬಿಡಬೇಡಿ, ಒಣಗಿದರೆ ಬಿಳಿ ಕಲೆ ಕಚ್ಚುತ್ತದೆ. ಒಂದೇ ಸಲಕ್ಕೆ ಇಡೀ ಇಂಜಿನ್ ಬೇಡ, ಒಂದು ಪಕ್ಕದ ಅರ್ಧ ಭಾಗ ಮುಗಿಸಿ ಮುಂದಿನದಕ್ಕೆ ಹೋಗಿ.

ಜಾಲಿಸುವಾಗ ಮೇಲಿನಿಂದ ಕೆಳಕ್ಕೆ. ಇನ್ನೊಂದು ಕೈಪಂಪಿನಲ್ಲಿ ಶುದ್ಧ ನೀರು ತುಂಬಿ ಹೊಡೆದರೆ ಸಾಕು. ಪೈಪಾದರೆ ಗಿಡಕ್ಕೆ ಹಾಕುವ ಹೂಜಿಯಷ್ಟೇ ಮೆತ್ತನೆ ಧಾರೆ. ಪ್ರೆಶರ್ ವಾಷರ್ ಮನೆಯಲ್ಲಿ ಇದ್ದರೆ ಅದನ್ನು ಚಾಸಿಸ್ ರೈಲು, ಕ್ರಾಸ್ ಮೆಂಬರ್, ಮಡ್‌ಗಾರ್ಡಿನ ಒಳಮೈಗೆ ಮಾತ್ರ, ಅಗಲ ಧಾರೆಯಲ್ಲಿ, ಎರಡು ಅಡಿ ದೂರದಿಂದ ಬಳಸಿ. ಕ್ರ್ಯಾಂಕಿನ ಮುಂದಿನ ಸೀಲು, ವಾಟರ್ ಪಂಪಿನ ಬೇರಿಂಗು, ಬ್ರೇಕ್ ವಾಲ್ವುಗಳ ಗಾಳಿ ಬಿಡುವ ತೂತು ಇವಕ್ಕೆ ತಾಗಿಸಬೇಡಿ. ಸೀಲಿನ ತುಟಿ ಒಳಗಿನ ಎಣ್ಣೆ ತಡೆಯಲು ಇರುವುದು, ಹೊರಗಿನಿಂದ ಬರುವ ಒತ್ತಡ ತಡೆಯಲು ಅಲ್ಲ. ರೇಡಿಯೇಟರಿನ ರೆಕ್ಕೆಗಳಿಗೆ ಇಂಜಿನ್ ಕಡೆಯಿಂದ ಮುಂದಕ್ಕೆ, ನೇರವಾಗಿ ನೀರು ಬಿಡಿ. ಓರೆಯಾಗಿ ಬಿಟ್ಟರೆ ರೆಕ್ಕೆ ಮಡಚುತ್ತದೆ, ಮುಂದಿನಿಂದ ಬಿಟ್ಟರೆ ಹುಳ, ಹುಲ್ಲು ಒಳಗೇ ಸಿಕ್ಕಿಕೊಳ್ಳುತ್ತದೆ.

ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬಿಳಿ, ಹಸಿರು ಪುಡಿ ಬೆಳೆದಿದ್ದರೆ ಕಾಲು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಹಾಕಿ ಉಜ್ಜಿ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಬಿದ್ದರೆ ಆಸಿಡ್ ಕೆಡುತ್ತದೆ. ಒಣಗಿದ ಮೇಲೆ ವ್ಯಾಸಲೀನ್ ತೆಳುವಾಗಿ ಹಚ್ಚಿ.

ಕಂಪ್ರೆಸರ್ ಸಿಕ್ಕರೆ 30ರಿಂದ 40 ಪೌಂಡ್ ಒತ್ತಡದಲ್ಲಿ ಬೋಲ್ಟಿನ ಗುಳಿ, ವೈರಿನ ಜಾಯಿಂಟ್ ಊದಿ, ಬಾನೆಟ್ ತೆರೆದಿಟ್ಟು ಎರಡು ಮೂರು ತಾಸು ಬಿಸಿಲಿಗೆ ಬಿಡಿ. ಚೀಲಗಳನ್ನು ಚೀಟಿಯ ಲೆಕ್ಕಕ್ಕೆ ತಾಳೆ ಹಾಕಿ ತೆಗೆಯಿರಿ. ಡಿಪ್ ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ, ಎಣ್ಣೆ ಬದಲಿಸಿ. ಎಲ್ಲ ಸರಿಯಿದ್ದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಇಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ. ಕಲ್ಲಿನಂತೆ ನಿಂತರೆ ಸಿಲಿಂಡರಿನಲ್ಲಿ ನೀರಿದೆ; ನಾಝಲ್ ಬಿಚ್ಚಿಸಿ ಹೊರಹಾಕಿಸದೆ ಸೆಲ್ಫ್ ಹೊಡೆಯಬಾರದು. ಸಲೀಸಾಗಿ ತಿರುಗಿದರೆ ಬ್ಯಾಟರಿ ಜೋಡಿಸಿ, ಡೀಸೆಲ್ ತಡೆದು ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದಿಟ್ಟು ಐದು ಸೆಕೆಂಡು ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ. ಹದಿನೈದು ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಓಡಲಿ. ಮ್ಯಾನಿಫೋಲ್ಡಿನಿಂದ ಆವಿ ಏಳುವುದು ಸಹಜ. ಚಾರ್ಜಿಂಗ್ ದೀಪ ಆರದೇ ಇದ್ದರೆ ಆಲ್ಟರ್ನೇಟರಿನ ಬ್ರಷ್ ಒದ್ದೆಯಾಗಿರಬಹುದು, ನಿಲ್ಲಿಸಿ ಒಣಗಿಸಿ. ಬೆಲ್ಟು ಕಿರುಗುಟ್ಟಿದರೆ ಅದಕ್ಕೆ ಡಿಗ್ರೀಸರ್ ತಾಗಿದೆ, ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಅಂದಗಾಣಿಸುವ ಹಂತದಲ್ಲಿ ಕೈ ಹಿಡಿತದಲ್ಲಿರಲಿ. ಹಳೆ ಇಂಜಿನ್ ಆಯಿಲ್ ಅಥವಾ ಡೀಸೆಲ್ ಒರೆಸಿ ಹೊಳಪು ತರುವವರಿದ್ದಾರೆ. ಮೈದಾನದ ಧೂಳೆಲ್ಲ ಅದಕ್ಕೇ ಅಂಟುತ್ತದೆ, ಬಿಸಿಯಾದಾಗ ಹೊಗೆ ಬರುತ್ತದೆ. ಹೋಸುಗಳಿಗೆ ನೀರಿನಲ್ಲಿ ಬೆರೆಯುವ ರಬ್ಬರ್ ಡ್ರೆಸಿಂಗ್ ತೆಳುವಾಗಿ ಹಚ್ಚಿ ಒರೆಸಿ ತೆಗೆಯಿರಿ, ಬೆಲ್ಟಿಗೆ ಬೇಡ. ಮ್ಯಾನಿಫೋಲ್ಡ್ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ 600 ಡಿಗ್ರಿ ತಾಳುವ ಪೇಂಟ್ ಹಚ್ಚಬಹುದು. ಅದು ಇಂಜಿನ್ನಿನ ಶಾಖದಲ್ಲೇ ಗಟ್ಟಿಯಾಗಬೇಕಾದ್ದರಿಂದ ಮೊದಲ ಓಟದಲ್ಲಿ ವಾಸನೆ, ಹೊಗೆ ಬರುತ್ತದೆ. ಕಾರ್ಖಾನೆಯಿಂದ ಕಪ್ಪು ಪೇಂಟಿನಲ್ಲಿ ಬಂದ ರೇಡಿಯೇಟರ್ ಟ್ಯಾಂಕನ್ನು ಕೆರೆದು ಹಿತ್ತಾಳೆ ಹೊಳೆಸಬೇಡಿ. ಹಳೆ ವಾಹನದಲ್ಲಿ ಮೂಲದಂತೆ ಇರುವುದಕ್ಕೆ ಹೊಳಪಿಗಿಂತ ಹೆಚ್ಚು ಬೆಲೆ. ವೈರಿಂಗಿನ ಬಟ್ಟೆ ಟೇಪು ಕಿತ್ತಿದ್ದರೆ ಅದೇ ಬಗೆಯ ಟೇಪು ಸುತ್ತಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಳವೆ ಬೇಡ.

ಮರುದಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಬಿಳಿ ಬಟ್ಟೆಯಿಂದ ಪ್ರತಿ ಜಾಯಿಂಟನ್ನೂ ಮುಟ್ಟಿ ನೋಡಿ. ಕಲೆ ಹತ್ತಿದ ಜಾಗಕ್ಕೆ ಮೆಕ್ಯಾನಿಕ್ ಕೈ ಬೇಕು. ಪ್ರದರ್ಶನದ ಬೆಳಿಗ್ಗೆ ಒಣ ಪೇಂಟ್ ಬ್ರಷ್, ಒಂದು ಮೈಕ್ರೋಫೈಬರ್ ಬಟ್ಟೆ, ಇಷ್ಟೇ ಒಯ್ಯಿರಿ.

ಜಿಡ್ಡು ಹೀರಿದ ಹೊಟ್ಟು, ಬಟ್ಟೆಗಳನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿ ತುಂಬಿ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಆದ್ದರಿಂದ ಹಳೆ ಎಣ್ಣೆಯನ್ನು ಪರವಾನಗಿ ಇದ್ದವರಿಗೆ ಕೊಡುವ ಸರ್ವಿಸ್ ಸೆಂಟರನ್ನು ಹುಡುಕಿ ಅಲ್ಲಿಗೆ ತಲುಪಿಸಿ. ಇನ್ನು, ಇದನ್ನು ಓದುವವರ ಬಳಿ ಹೊಸ ಹೊಗೆ ಮಾಲಿನ್ಯ ಮಾನದಂಡದ ಬಿಎಸ್‌ 4, ಬಿಎಸ್‌ 6 ಲಾರಿ ಇದ್ದರೆ ಒಣ ಕೆಲಸವೆಲ್ಲ ಇದೇ, ನೀರು ಮಾತ್ರ ಇನ್ನೂ ಕಡಿಮೆ: ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್ ಕನೆಕ್ಟರ್ ಇರುವ ಕಡೆ ಒದ್ದೆ ಬಟ್ಟೆಯನ್ನಷ್ಟೇ ಬಳಸಿ, ಕನೆಕ್ಟರ್ ಒಳಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಆಡ್‌ಬ್ಲೂ (ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ) ಪೈಪಿನ ಸುತ್ತ ಕಟ್ಟಿದ ಬಿಳಿ ಹರಳು ಯೂರಿಯಾ. ಅದನ್ನು ಕೆರೆಯಬೇಕಿಲ್ಲ, ಉಗುರುಬೆಚ್ಚಗಿನ ನೀರಿನ ಬಟ್ಟೆ ಇಟ್ಟರೆ ಕರಗುತ್ತದೆ.