ಒಂದೇ ಹೆಸರಿನ ಆಟಗಾರರು, ರಾಜಕಾರಣಿಗಳು: ತುಣುಕುಗಳನ್ನು ವಿಂಗಡಿಸುವ ಬಗೆ

ನಮಸ್ಕಾರ ಮೇಡಂ. ನಿಮ್ಮ ತಂದೆಯವರು ಕತ್ತರಿಸಿ ಕೂಡಿಟ್ಟ ಪತ್ರಿಕೆಯ ತುಣುಕುಗಳಲ್ಲಿ ‘ಚಂದ್ರಶೇಖರ್’ ಎಂದು ಬರೆದ ಲಕೋಟೆಯೊಳಗೆ ಕ್ರಿಕೆಟ್ ಸುದ್ದಿಯೂ ಜನತಾ ಪಕ್ಷದ ಸುದ್ದಿಯೂ ಬೆರೆತಿವೆ, ಬೇರ್ಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ‘ಕ್ರೀಡೆ’, ‘ರಾಜಕೀಯ’ ಎಂದು ಎರಡು ಪೆಟ್ಟಿಗೆ ಮಾಡಿದರೆ ಸಾಕು ಎಂದು ನಮ್ಮ ಈ ಗುಂಪಿನಲ್ಲಿ ಒಂದಿಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಮ್ಮ ಲಕೋಟೆಯನ್ನೇ ನೋಡೋಣ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 1977ರ ಕೊನೆಯಲ್ಲಿ ಆರಂಭವಾದ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಅದೇ 1977ರಲ್ಲಿ ಉತ್ತರ ಪ್ರದೇಶದ ಬಲ್ಲಿಯಾ ಕಡೆಯ ರಾಜಕಾರಣಿ ಚಂದ್ರಶೇಖರ್ ಜನತಾ ಪಕ್ಷದ ಅಧ್ಯಕ್ಷರಾದರು. ಆ ವರ್ಷಗಳ ಪತ್ರಿಕೆಯಲ್ಲಿ ‘ಚಂದ್ರಶೇಖರ್ ದಾಳಿ’ ಎಂಬಂಥ ತಲೆಬರಹ ಕಂಡರೆ ಅದು ಚೆಂಡಿನದೋ ಭಾಷಣದ್ದೋ ಎಂದು ಒಳಗೆ ಓದಿಯೇ ತಿಳಿಯಬೇಕು. ಇನ್ನು 1988ರಿಂದ 1990ರವರೆಗಿನ ತುಣುಕುಗಳಲ್ಲಿ ಆಡುತ್ತಿರುವ ಚಂದ್ರಶೇಖರ್ ಸಿಕ್ಕರೆ ಅವರು ಮೈಸೂರಿನವರಲ್ಲ. ಬಿ.ಎಸ್. ಅವರ ಕೊನೆಯ ಟೆಸ್ಟ್ 1979ರಲ್ಲೇ ಮುಗಿದಿತ್ತು. ಇವರು ತಮಿಳುನಾಡಿನ ಬ್ಯಾಟ್ಸ್‌ಮನ್ ವಿ.ಬಿ. ಚಂದ್ರಶೇಖರ್, ಭಾರತದ ಪರ ಏಳು ಏಕದಿನ ಪಂದ್ಯ ಆಡಿದವರು. ಆ ಹೊತ್ತಿಗೆ ಬಲ್ಲಿಯಾ ಕಡೆಯ ಚಂದ್ರಶೇಖರ್ ಪ್ರಧಾನಿ ಪದವಿಯ ಹತ್ತಿರ ಬಂದಿದ್ದರು. 1990ರ ನವೆಂಬರ್‌ನಲ್ಲಿ ಪ್ರಧಾನಿಯೂ ಆದರು. ಹಾಗಾಗಿ ನಿಮ್ಮ ಕೈಯಲ್ಲಿರುವುದು ಇಬ್ಬರ ಲಕೋಟೆಯಲ್ಲ, ಮೂವರದು.

ಎರಡು ಪೆಟ್ಟಿಗೆಯ ಉಪಾಯ ಇಲ್ಲಿ ಅರ್ಧ ಕೆಲಸವನ್ನಾದರೂ ಮಾಡುತ್ತದೆ. ಅಜರುದ್ದೀನ್ ವಿಷಯದಲ್ಲಿ ಪೂರ್ತಿ ಕೈಕೊಡುತ್ತದೆ. ಹೈದರಾಬಾದಿನ ಮೊಹಮ್ಮದ್ ಅಜರುದ್ದೀನ್ ಹುಟ್ಟಿದ್ದು 1963ರಲ್ಲಿ. 99 ಟೆಸ್ಟ್ ಆಡಿ, 2000ದಲ್ಲಿ ನಮ್ಮ ಬೆಂಗಳೂರಿನಲ್ಲೇ ಶತಕ ಹೊಡೆದು ಟೆಸ್ಟ್ ಬದುಕು ಮುಗಿಸಿದರು. 2009ರಲ್ಲಿ ಮೊರಾದಾಬಾದ್‌ನಿಂದ ಕಾಂಗ್ರೆಸ್ ಸಂಸದರಾದರು. ಎರಡು ಪೆಟ್ಟಿಗೆ ಮಾಡಿದರೆ ಒಬ್ಬ ಮನುಷ್ಯನನ್ನು ಎರಡಾಗಿ ಸೀಳಿದಂತಾಗುತ್ತದೆ. ಅಷ್ಟೇ ಅಲ್ಲ, ಕಾಸರಗೋಡಿನ ತಳಂಗರೆಯ ಇನ್ನೊಬ್ಬ ಮೊಹಮ್ಮದ್ ಅಜರುದ್ದೀನ್ ಕ್ರೀಡೆಯ ಪೆಟ್ಟಿಗೆಯಲ್ಲಿ ಅವರ ಜೊತೆಯೇ ಬಂದು ಕೂರುತ್ತಾರೆ. 1994ರಲ್ಲಿ ಹುಟ್ಟಿದ ಈ ಹುಡುಗನಿಗೆ, ಹಿರಿಯ ಅಜರ್ ಅವರ ಅಭಿಮಾನಿಯಾಗಿದ್ದ ಅಣ್ಣ ಆರಿಸಿದ ಹೆಸರು ಅದು. ಕೇರಳದ ಪರ 2021ರ ಜನವರಿಯಲ್ಲಿ ಮುಂಬೈ ವಿರುದ್ಧ 54 ಎಸೆತಕ್ಕೆ ಅಜೇಯ 137 ಹೊಡೆದರು. ಇಂಗ್ಲಿಷಿನಲ್ಲಿ ಇಬ್ಬರ ಹೆಸರಿನ ಅಕ್ಷರಗಳಲ್ಲಿ ತುಸು ವ್ಯತ್ಯಾಸವಿದೆ, ಕನ್ನಡ ಪತ್ರಿಕೆಯಲ್ಲಿ ಅದೂ ಉಳಿಯುವುದಿಲ್ಲ.

ಇಮ್ರಾನ್ ಖಾನ್ ಕಥೆಯೂ ಇದೇ. 1992ರ ವಿಶ್ವಕಪ್ ಎತ್ತಿದ ನಾಯಕ ಮತ್ತು 2018ರಲ್ಲಿ ಪಾಕಿಸ್ತಾನದ ಪ್ರಧಾನಿಯಾದವರು ಒಬ್ಬರೇ. 2014ರಲ್ಲಿ ಟೆಸ್ಟ್‌ಗೆ ಕಾಲಿಟ್ಟ ವೇಗದ ಬೌಲರ್ ಇಮ್ರಾನ್ ಖಾನ್ ಬೇರೆಯೇ ವ್ಯಕ್ತಿ, ಹುಟ್ಟಿದ್ದು 1987ರಲ್ಲಿ.

ಆದ್ದರಿಂದ ವೃತ್ತಿಯನ್ನಾಗಲಿ ಹುದ್ದೆಯನ್ನಾಗಲಿ ನಂಬಬೇಡಿ, ಅವು ಬದಲಾಗುತ್ತವೆ. ಹುಟ್ಟಿದ ವರ್ಷ, ಊರು, ತಂದೆಯ ಹೆಸರು ಬದಲಾಗುವುದಿಲ್ಲ. ಲಕೋಟೆಯ ಮೇಲೆ ಪೂರ್ಣ ಹೆಸರು, ಜನನದ ವರ್ಷ, ಊರು ಬರೆಯಿರಿ: ‘ಅಜರುದ್ದೀನ್ ಮೊಹಮ್ಮದ್, 1963, ಹೈದರಾಬಾದ್’. ಒಬ್ಬ ವ್ಯಕ್ತಿಗೆ ಒಂದೇ ಲಕೋಟೆ. ಆಟ ಬಿಟ್ಟು ರಾಜಕೀಯಕ್ಕೆ ಹೋದವರಾದರೆ ಒಳಗೆ ಒಂದು ರಟ್ಟಿನ ಹಾಳೆ ಇಟ್ಟು ಭಾಗ ಮಾಡಿಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದು ಇಡುವುದಾದರೆ ಕಡತದ ಹೆಸರಿಗೂ ಇದೇ ಕ್ರಮ ಇರಲಿ.

ನಮ್ಮ ಕಡೆಯವರಿಗೆ ಇನಿಷಿಯಲ್ ದೊಡ್ಡ ಆಸರೆ. ಅದನ್ನು ಬಿಡಿಸಿ ಬರೆದರೆ ಎಷ್ಟೋ ಸಲ ಊರು, ತಂದೆ ಎರಡೂ ಸಿಗುತ್ತವೆ. ಎಚ್.ಡಿ. ದೇವೇಗೌಡರದ್ದು ಹರದನಹಳ್ಳಿ ದೊಡ್ಡೇಗೌಡ, ಎಸ್.ಎಂ. ಕೃಷ್ಣ ಅವರದ್ದು ಸೋಮನಹಳ್ಳಿ ಮಲ್ಲಯ್ಯ. ಆದರೆ ಇನಿಷಿಯಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಪ್ರಧಾನಿಯಾಗಿದ್ದವರು ಐ.ಡಿ. ಸ್ಮಿತ್, 1990ರಲ್ಲಿ ಆಕ್ಲೆಂಡ್‌ನಲ್ಲಿ ಒಂಬತ್ತನೆಯವರಾಗಿ ಇಳಿದು ನಮ್ಮ ಬೌಲರುಗಳಿಗೆ 173 ಬಾರಿಸಿದ ನ್ಯೂಜಿಲೆಂಡ್ ವಿಕೆಟ್‌ಕೀಪರ್ ಐ.ಡಿ.ಎಸ್. ಸ್ಮಿತ್. ಪತ್ರಿಕೆಗಳಿಗೆ ಇಬ್ಬರೂ ಬರೀ ಇಯಾನ್ ಸ್ಮಿತ್. ಸ್ಕಾಟ್ಲೆಂಡಿನ ಗಾರ್ಡನ್ ಬ್ರೌನ್ ಇನ್ನೂ ಕಷ್ಟ. ಒಬ್ಬರು 1970ರ ದಶಕದ ಹೆಸರಾಂತ ರಗ್ಬಿ ಆಟಗಾರ, ಇನ್ನೊಬ್ಬರು ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಆ ಪ್ರಧಾನಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡಿದ್ದು ಶಾಲೆಯ ದಿನಗಳ ರಗ್ಬಿ ಪಂದ್ಯದಲ್ಲಿ! ‘ಗಾರ್ಡನ್ ಬ್ರೌನ್, ರಗ್ಬಿ’ ಎಂದಷ್ಟೇ ಬರೆದಿಟ್ಟರೆ ಮುಂದೆ ನೋಡುವವರಿಗೆ ಏನೂ ಗೊತ್ತಾಗದು.

ಇಷ್ಟೊಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಹೆಸರಿನ ಗೊಂದಲ ಚುನಾವಣೆಯ ದಿಕ್ಕನ್ನೇ ಬದಲಿಸಬಲ್ಲದು. 2004ರಲ್ಲಿ ಕೇರಳದ ಆಲಪ್ಪುಳದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ. ಅದೇ ಕಣದಲ್ಲಿ ವಿ.ಎಸ್. ಸುಧೀರನ್ ಎಂಬ ಪಕ್ಷೇತರರಿಗೆ ಬಿದ್ದದ್ದು ಎಂಟು ಸಾವಿರಕ್ಕೂ ಹೆಚ್ಚು ಮತ. ನಮ್ಮ ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಶ್ ಅವರ ಎದುರು ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಸುಮಲತಾ ಅಂಬರೀಶ್ ಸವಾ ಲಕ್ಷ ಮತಗಳ ಅಂತರದಿಂದ ಗೆದ್ದ ಕಾರಣ ಅದು ಸುದ್ದಿಯಾಗಿಯಷ್ಟೇ ಉಳಿಯಿತು. ಒಂದೇ ಹೆಸರಿನ ಅಭ್ಯರ್ಥಿಗಳಿದ್ದರೆ ಉದ್ಯೋಗ, ವಾಸದ ಊರು ಅಥವಾ ಬೇರೆ ಗುರುತು ಸೇರಿಸಿ ಬೇರ್ಪಡಿಸಬೇಕೆಂದು 1961ರ ಚುನಾವಣಾ ನಿಯಮಗಳೇ ಹೇಳುತ್ತವೆ. ಅದೂ ಸಾಲದೆಂದು 2015ರಿಂದ ಮತಯಂತ್ರದ ಮೇಲೆ ಭಾವಚಿತ್ರವನ್ನೂ ಹಾಕುತ್ತಿದ್ದಾರೆ. ನೀವೂ ಲಕೋಟೆಯ ಹೊರಗೆ ಒಂದು ಸಣ್ಣ ಚಿತ್ರದ ನಕಲು ಅಂಟಿಸಿದರೆ ಹುಡುಕುವಾಗ ಬಹಳ ಅನುಕೂಲ. ಅಂದಹಾಗೆ, ಸುಮಲತಾ ಅವರ ತುಣುಕುಗಳಿದ್ದರೆ ಅವರ ಸಿನಿಮಾ ದಿನಗಳದ್ದೂ ಅದೇ ಲಕೋಟೆಗೆ ಸೇರಲಿ.

ಕೆಲಸಕ್ಕೆ ಕೂರುವಾಗ ಒಂದೆರಡು ಎಚ್ಚರ. ತುಣುಕಿನ ಮೇಲೆ ಬಾಲ್‌ಪೆನ್ ಬಳಸಬೇಡಿ, ಶಾಯಿ ಹಳೆಯ ಕಾಗದದಲ್ಲಿ ಇನ್ನೊಂದು ಬದಿಗೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯಿರಿ. ಪಿನ್ನು, ಸ್ಟೇಪಲ್ ಇದ್ದರೆ ತೆಗೆದುಬಿಡಿ, ತುಕ್ಕು ಹಿಡಿಯುತ್ತದೆ. ಸೆಲ್ಲೋಟೇಪ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಅಕ್ಷರವೂ ಕಿತ್ತುಬರುತ್ತದೆ. ತಂದೆಯವರು ಲಕೋಟೆಯ ಮೇಲೆ ಬರೆದದ್ದನ್ನು ಅಳಿಸದೆ, ಆ ಹಳೆಯ ಲಕೋಟೆಯನ್ನೂ ಜೊತೆಗೇ ಇಟ್ಟುಕೊಳ್ಳಿ. ಅವರ ಕೈಬರಹಕ್ಕೂ ಬೆಲೆಯಿದೆ.

ದಿನಾಂಕ ಕತ್ತರಿಸಿಹೋಗಿದ್ದರೆ ತುಣುಕನ್ನು ತಿರುವಿ ಹಿಂಬದಿ ನೋಡಿ. ಅಲ್ಲಿನ ಸಿನಿಮಾ ಜಾಹೀರಾತು, ಚಿನ್ನದ ಧಾರಣೆ, ಅರ್ಧ ಉಳಿದ ಸುದ್ದಿ, ಯಾವುದಾದರೂ ಒಂದು ವರ್ಷವನ್ನು ಬಿಟ್ಟುಕೊಡುತ್ತದೆ. ವರ್ಷ ಸಿಕ್ಕಿತೆಂದರೆ ಯಾವ ಚಂದ್ರಶೇಖರ್ ಎಂಬುದು ಬಹುಪಾಲು ಇತ್ಯರ್ಥವಾದಂತೆಯೇ. ಆಗಲೂ ತಿಳಿಯದವನ್ನು ಊಹೆಯಿಂದ ಯಾರದೋ ಲಕೋಟೆಗೆ ಸೇರಿಸದೆ, ‘ಗುರುತು ಸಿಗದವು’ ಎಂದು ಬೇರೆ ಇಡಿ. ಅವುಗಳ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ. 1970ರ ದಶಕದ ಕ್ರಿಕೆಟ್ ನೆನಪಿರುವ ಹಿರಿಯರು ಗುಂಪಿನಲ್ಲಿದ್ದಾರೆ, ನಾನೂ ನೋಡುತ್ತೇನೆ.