ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು, ಇನ್ನು ನಂಬಬಹುದಾ?

ಪ್ರಶ್ನೆ: ನನ್ನ ಗಂಡ ಹತ್ತು ವರ್ಷ ವಿಪರೀತ ಕುಡಿದರು. ಹಿಂದೆ ಎರಡು ಸಲ ಬಿಟ್ಟು ಮತ್ತೆ ಶುರುಮಾಡಿದ್ದರು. ಈಗ ಚಿಕಿತ್ಸೆ ಪಡೆದು ನಾಲ್ಕು ತಿಂಗಳಿಂದ ಮುಟ್ಟಿಲ್ಲ. ‘ಇನ್ನು ಕುಡಿಯಲ್ಲ’ ಎಂದು ಮಕ್ಕಳ ಮೇಲೆ ಆಣೆ ಮಾಡಿದ್ದಾರೆ. ಇದು ಕೊನೆತನಕ ಉಳಿಯುತ್ತದಾ?

ಉತ್ತರ: ಊರು, ವಯಸ್ಸು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ. ಎಲ್ಲರಿಗೂ ಬೇಕಾಗಿರುವುದು ಗ್ಯಾರಂಟಿ. ಅದನ್ನು ಕೊಡುವ ಡಾಕ್ಟರ್ ಸಿಕ್ಕರೆ ಅವರ ಹತ್ತಿರ ಮಾತ್ರ ಹೋಗಬೇಡಿ. ಹಾಗಂತ ‘ಕುಡುಕರು ಎಲ್ಲಾದರೂ ಸುಧಾರಿಸುತ್ತಾರಾ’ ಎಂದು ಮೂಗು ಮುರಿಯುವವರ ಮಾತೂ ಸುಳ್ಳು. ವರ್ಷಗಟ್ಟಲೆ ಕುಡಿದು, ಬಿಟ್ಟು, ಮತ್ತೆ ಮುಟ್ಟದವರು ಬೇಕಾದಷ್ಟು ಜನ ಇದ್ದಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ.

ಮತ್ತೆ ಜಾರುವ ಅಪಾಯ ಜಾಸ್ತಿ ಇರುವುದು ಮೊದಲ ಕೆಲವು ತಿಂಗಳಲ್ಲಿ. ಅದರ ಕಷ್ಟದ ಭಾಗವನ್ನು ನಿಮ್ಮ ಗಂಡ ದಾಟಿದ್ದಾರೆ. ಆದರೆ ನಾಲ್ಕು ತಿಂಗಳಿಗೇ ‘ಪೂರ್ತಿ ಗುಣವಾದರು’ ಎಂದು ಸಂಭ್ರಮಪಡಬೇಡಿ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ನಾವು ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಕೈಪಿಡಿಯ ಲೆಕ್ಕದಲ್ಲಿ ಮೂರು ತಿಂಗಳು ದಾಟಿದರೆ ಅದು ಚೇತರಿಕೆಯ ಆರಂಭ, ನೆಲೆ ನಿಂತ ಚೇತರಿಕೆ ಎನ್ನುವುದು ಒಂದು ವರ್ಷದ ಮೇಲೆ. ಹಾರ್ವರ್ಡ್‌ನ ಮನೋವೈದ್ಯ ಜಾರ್ಜ್ ವೇಲಂಟ್ ಕುಡಿತದ ಚಟವಿದ್ದ ಗಂಡಸರ ಬದುಕನ್ನು ದಶಕಗಟ್ಟಲೆ ಗಮನಿಸುತ್ತಾ ಬಂದವರು. ಎರಡು ವರ್ಷ ಬಿಟ್ಟಿದ್ದವರಲ್ಲೂ ಸಾಕಷ್ಟು ಜನ ಮತ್ತೆ ಜಾರಿದ್ದನ್ನು ಅವರು ಕಂಡರು. ಐದು ವರ್ಷ ದಾಟಿದವರಲ್ಲಿ ಮಾತ್ರ ಅದು ಅಪರೂಪವಾಗಿತ್ತು. ‘ಕೊನೆತನಕ’ ಎಂಬ ನಿಮ್ಮ ಮಾತಿಗೆ ನಾನು ಕೊಡಬಹುದಾದ ಅಳತೆ ಇಷ್ಟೇ.

ಹಿಂದೆ ಎರಡು ಸಲ ಜಾರಿದರು ಎಂಬುದು ನನ್ನನ್ನು ಅಷ್ಟು ಹೆದರಿಸುವುದಿಲ್ಲ. ಕೊನೆಗೂ ಬಿಟ್ಟವರಲ್ಲಿ ಎಷ್ಟೋ ಜನ ಹಾಗೆ ಬಿದ್ದು ಎದ್ದವರೇ. ಹೆದರಿಸುವುದು ಆ ಆಣೆ. ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಮೊದಲ ಗ್ಲಾಸಿಗಿಂತ ಹೆಚ್ಚು ಕೆಡಿಸುವುದು ಅದರ ನಂತರದ ಯೋಚನೆ. ‘ಹೇಗೂ ಮಾತು ತಪ್ಪಿತು, ಇನ್ನೇನು ಉಳಿಯಿತು’ ಅಂದುಕೊಂಡವನು ವಾರವಿಡೀ ಕುಡಿಯುತ್ತಾನೆ. ಮಕ್ಕಳ ಮೇಲಿನ ಆಣೆ ಮುರಿದವನಿಗೆ ನಾಚಿಕೆ ಇನ್ನೂ ಜಾಸ್ತಿ, ಹಾಗಾಗಿ ಮುಚ್ಚಿಡುವುದೂ ಜಾಸ್ತಿ. ದಯವಿಟ್ಟು ಆ ಮಕ್ಕಳನ್ನು ಇದರಿಂದ ಹೊರಗಿಡಿ.

ಆಣೆ ಬದಲು ಅವರ ದಿನವನ್ನು ನೋಡಿ. ಮೊದಲು ಕುಡಿಯುತ್ತಿದ್ದ ಹೊತ್ತಿನಲ್ಲಿ ಈಗ ಏನು ಮಾಡುತ್ತಾರೆ? ಕುಡಿಯುವ ಗೆಳೆಯರ ಜೊತೆ ಇನ್ನೂ ‘ಸುಮ್ನೆ ಕೂತು ಬರ್ತೀನಿ’ ಅನ್ನುತ್ತಾರಾ? ಡಾಕ್ಟರ್ ಹೇಳಿದ ದಿನ ನೀವು ಎಳೆಯದೆಯೇ ಹೋಗುತ್ತಾರಾ? ‘ಇವತ್ತು ಕುಡಿಯಬೇಕು ಅಂತ ತುಂಬಾ ಅನ್ನಿಸಿತು’ ಎಂದು ಬಾಯಿಬಿಟ್ಟು ಹೇಳುವವರನ್ನು ನಾನು ನಂಬುತ್ತೇನೆ. ‘ನೆನಪೇ ಆಗಲ್ಲ’ ಎನ್ನುವವರ ಮೇಲೆ ಒಂದು ಕಣ್ಣಿಡುತ್ತೇನೆ. ನಿದ್ದೆ ಬಾರದಿರುವುದು, ಸಿಡುಕು, ಮಂಕು ತಿಂಗಳುಗಟ್ಟಲೆ ಇರಬಹುದು. ಆಗ ‘ಇದಕ್ಕಿಂತ ಕುಡೀತಿದ್ದಾಗಲೇ ವಾಸಿಯಿತ್ತು’ ಎಂದು ಮನೆಯವರು ಆಡುವ ಮಾತಿದೆಯಲ್ಲ, ಅದನ್ನು ಮಾತ್ರ ಬಾಯಿಗೆ ತರಬೇಡಿ. ಖಿನ್ನತೆ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು.

ಮಾತ್ರೆಗಳ ಬಗ್ಗೆ ನೀವು ಬರೆದಿಲ್ಲ. ಕೊಟ್ಟಿದ್ದರೆ ನಿಲ್ಲಿಸಬೇಡಿ. ನಾಲ್‌ಟ್ರೆಕ್ಸೋನ್ ಕುಡಿತದ ಮಜವನ್ನೂ ಸೆಳೆತವನ್ನೂ ತಗ್ಗಿಸುತ್ತದೆ, ಅಕಾಂಪ್ರೊಸೇಟ್ ಬಿಟ್ಟವರು ಬಿಟ್ಟೇ ಇರಲು ನೆರವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಕರು ಕುಡಿತದ ಚಿಕಿತ್ಸೆಗೆ ಇವನ್ನು ಒಪ್ಪಿದ್ದು 1994 ಮತ್ತು 2004ರಲ್ಲಿ. ಹೊಸದೇನಲ್ಲ, ಆದರೂ ‘ಮಾತ್ರೆಗೇ ಅಡಿಕ್ಟ್ ಆಗ್ತಾರೆ’ ಎಂಬ ಗಾಳಿಮಾತು ಇನ್ನೂ ನಿಂತಿಲ್ಲ. ಈ ಎರಡರಲ್ಲಿ ಯಾವುದೂ ಚಟ ಹಿಡಿಸುವುದಿಲ್ಲ. ಲಿವರ್, ಕಿಡ್ನಿ ನೋಡಿಕೊಂಡು ಯಾವುದು ಎಂದು ಡಾಕ್ಟರ್ ತೀರ್ಮಾನಿಸುತ್ತಾರೆ. ಜೊತೆಗೆ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. 1935ರಿಂದ ನಡೆಯುತ್ತಿರುವ ಈ ಸಭೆಗಳನ್ನು ನಾನೂ ಮೊದಮೊದಲು ಅನುಮಾನದಿಂದಲೇ ನೋಡುತ್ತಿದ್ದೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ಪರಾಮರ್ಶೆ ನೋಡಿದರೆ, ಕುಡಿತ ಪೂರ್ತಿ ಬಿಟ್ಟಿರಲು ಇವುಗಳಿಗೆ ಸೇರಿಸುವ ವ್ಯವಸ್ಥಿತ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೇ ಇದೆ.

ಇನ್ನು ನಿಮ್ಮ ವಿಷಯ. ಬಾಯಿ ಮೂಸಿ ನೋಡುವುದು, ಕಪಾಟು ಜಾಲಾಡುವುದು, ಫೋನ್ ತಡಕುವುದು ಬಿಡಿ. ಇದರಿಂದ ಯಾರೂ ಕುಡಿತ ಬಿಟ್ಟಿಲ್ಲ, ನಿಮ್ಮ ನಿದ್ದೆ ಹೋಗುತ್ತದೆ. ಸಾಕ್ಷಿ ಬೇಕೇ ಬೇಕು ಅಂದರೆ ‘ಪೆತ್’ ಎಂಬ ರಕ್ತಪರೀಕ್ಷೆ ಇದೆ. ಎರಡರಿಂದ ನಾಲ್ಕು ವಾರದ ಕುಡಿತವನ್ನು ಅದು ತೋರಿಸಬಲ್ಲದು. ಅವರೇ ಒಪ್ಪಿ, ಅವರ ಡಾಕ್ಟರ್ ಮೂಲಕವೇ ಮಾಡಿಸಲಿ. ಮತ್ತೆ ಕುಡಿದರೆ ದುಡ್ಡು ಯಾರ ಕೈಯಲ್ಲಿರುತ್ತದೆ, ಮಕ್ಕಳು ಎಲ್ಲಿರುತ್ತಾರೆ, ಯಾವ ಡಾಕ್ಟರಿಗೆ ಫೋನ್ ಹೋಗುತ್ತದೆ ಎಂಬುದನ್ನು ಈಗಲೇ, ಅವರು ಸಮಾಧಾನವಾಗಿರುವಾಗ ಮಾತಾಡಿ ಇಟ್ಟುಕೊಳ್ಳಿ. ಅಲ್-ಅನಾನ್ ಸಭೆಗಳು ಇರುವುದು ನಿಮ್ಮಂಥ ಮನೆಯವರಿಗೆ. ಗಂಡನನ್ನು ಸರಿಮಾಡುವ ಉಪಾಯ ಕಲಿಯಲು ಅಲ್ಲಿಗೆ ಹೋಗಬೇಡಿ.

ಯಾರೂ ಕೇಳದ ಇನ್ನೊಂದು ಮಾತು. ಅವರು ಕುಡಿಯದೇ ಇರುವುದು ಬೇರೆ, ನಿಮಗೆ ನಂಬಿಕೆ ಮರಳುವುದು ಬೇರೆ. ಅವರು ಬಿಟ್ಟ ತಕ್ಷಣ ನೀವು ಹತ್ತು ವರ್ಷ ಮರೆಯಬೇಕು ಎಂದೇನೂ ಇಲ್ಲ. ಜೊತೆಗಿರುವುದಾಗಲಿ ಹೊರಡುವುದಾಗಲಿ ನಿಮ್ಮ ತೀರ್ಮಾನ. ನೀವು ಅಲ್ಲಿರುವುದೇ ಅವರಿಗೆ ಔಷಧಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೈ ಎತ್ತುವವರಾಗಿದ್ದರೆ ಈ ಸಲಹೆಗಳೆಲ್ಲ ಪಕ್ಕಕ್ಕಿರಲಿ, ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗದಲ್ಲಿರಬೇಕು.

ಪ್ರಶ್ನೆ: ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ ಸಿಗುತ್ತದಂತೆ. ಕೊಡಬಹುದಾ?

ಉತ್ತರ: ಕೊಡಬಾರದು. ಅಂಥ ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಅದು ಕುಡಿತ ಬಿಡಿಸಲು ಡಾಕ್ಟರುಗಳು ಕೊಡುವ ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಕುಡಿದಾಗ ಅಸಿಟಾಲ್ಡಿಹೈಡ್ ಎಂಬ ವಿಷ ದೇಹದಲ್ಲಿ ಏರುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣವೂ ಹೋಗಬಹುದು. ಕೊನೆಯ ಡೋಸ್ ಆಗಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಗೊತ್ತಿದ್ದು, ಒಪ್ಪಿ, ಡಾಕ್ಟರ್ ನಿಗಾದಲ್ಲಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಔಷಧಿ. ಕದ್ದು ಹಾಕಿದರೆ ವಿಷ ಹಾಕಿದ ಹಾಗೆಯೇ. ಇದನ್ನು ‘ನಾಟಿ ಔಷಧಿ’ ಎಂದು ಮಾರುವವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಪೂರ್ತಿ ಬರೆಯುವ ಹಾಗಿಲ್ಲ.

ಪ್ರಶ್ನೆ: ಬಿಟ್ಟಮೇಲೆ ಅಪರೂಪಕ್ಕೆ ಬಿಯರ್ ಪರವಾಗಿಲ್ಲ ಅಲ್ವಾ?

ಉತ್ತರ: ಬಿಯರ್‌ನಲ್ಲಿರುವುದೂ ಅದೇ ಆಲ್ಕೋಹಾಲ್. ಬೇಡ.

ಪ್ರಶ್ನೆ: ಮದುವೆಯಾದರೆ ಬಿಡುತ್ತೇನೆ ಅನ್ನುತ್ತಾನೆ.

ಉತ್ತರ: ಬಿಟ್ಟು ಒಂದು ವರ್ಷ ಆಗಲಿ, ಆಮೇಲೆ ಮದುವೆಯ ಮಾತು.

ಪ್ರಶ್ನೆ: ಬೆಳಗ್ಗೆಯಿಂದ ರಾತ್ರಿವರೆಗೆ ಕುಡಿಯುತ್ತಾರೆ. ರೂಮಿಗೆ ಬೀಗ ಹಾಕಿ ಇವತ್ತೇ ನಿಲ್ಲಿಸಿಬಿಡಲಾ?

ಉತ್ತರ: ಈ ಉಪಾಯದಿಂದ ಜೀವ ಹೋಗಿರುವುದುಂಟು. ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಜ್ವರ, ಗೊಂದಲದ ಡೆಲಿರಿಯಂ ಟ್ರೆಮೆನ್ಸ್ ಬರಬಹುದು. ಡಾಕ್ಟರ್ ನೋಡಿಕೊಂಡು, ಮಾತ್ರೆ ಕೊಟ್ಟು, ಥಯಮಿನ್ (ಬಿ1 ವಿಟಮಿನ್) ಕೊಟ್ಟು ಬಿಡಿಸಬೇಕು. ಈಗಾಗಲೇ ನಿಲ್ಲಿಸಿದ್ದು ಕೈ ನಡುಗುತ್ತಿದ್ದರೆ ಅಥವಾ ಇಲ್ಲದ್ದು ಕಾಣುತ್ತಿದೆ ಎನ್ನುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಈಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.